ಬೆರಕೆ

ಡಾಂಬರು ತಂದ ಹಡಗು ಬೈತಖೋಲದಲ್ಲಿ
ಮೂರು ದಿನದಿಂದ ಇಳಿಸುತ್ತಲೇ ಇದೆ.
ಅದರ ಕಾಗದಕ್ಕೆ ಮೊಹರು ಒತ್ತುವವಳು ನಾನು.
ಎರಡನೇ ಇಂಜಿನಿಯರು, ಗೋರ್ಕಾ ಅಂತ,
ಕಿಟಕಿಗೆ ಮೊಣಕೈ ಊರಿ ಕೇಳಿದ:
ಈ ಊರಲ್ಲಿ ಒಳ್ಳೇ ಫ್ಯೂಷನ್ ಊಟ ಎಲ್ಲಿ?

ಅವನದು ಬಾಸ್ಕರ ಹಳೇ ಪಟ್ಟಣವಂತೆ,
ಕೋಟೆಗೋಡೆಯೊಳಗೆ ಸಂದಿಗೊಂದು ಅಡುಗೆಮನೆ,
ಜಪಾನಿನ ಕಡಲ ಸೊಪ್ಪಲ್ಲಿ ತಮ್ಮೂರ ಸೀಗಡಿ ಸುತ್ತಿ
ಕಡ್ಡಿ ಚುಚ್ಚಿ ಕೊಡುತ್ತಾರಂತೆ.
ಹಡಗಿನ ಬೇಯಿಸಿದ ಬಟಾಟೆ ಸಾಕಾಗಿದೆ, ಅಂದ.

ಇಜಾಜನ ರಿಕ್ಷಾ ಹತ್ತಿದೆವು.
ಗೋರ್ಕಾ ಅಂದ್ರೆ ನೇಪಾಳದವ್ರಾ ಮೇಡಂ?
ಅಲ್ಲ ಮಾರಾಯ.
ಫ್ಯೂಷನ್ ಅಂದ್ರೆ?
ನಾಲಿಗೆಗೆ ಬಂದದ್ದು ಒಂದೇ ಶಬ್ದ,
ಬೆರಕೆ.
ಆಡಿದ ಮೇಲೆ ಒಸಡಿಗೆ ಮುಳ್ಳು ಹೊಕ್ಕಂತಾಯಿತು.

ಹೆದ್ದಾರಿಯ ಹೊಸ ಹೋಟೆಲು. ನೀಲಿ ದೀಪ.
ಪಿಜ್ಜಾ ದೋಸೆ, ಶೆಜ್ವಾನ್ ಇಡ್ಲಿ,
ಮೇಲೊಂದು ಚೆರಿಹಣ್ಣು, ಯಾಕೋ ಗೊತ್ತಿಲ್ಲ.
ಗೋರ್ಕಾ ಒಂದು ತುತ್ತು ತಿಂದು ನೀರು ಕೇಳಿದ.
ಇವು ಬೆರೆತಿಲ್ಲ, ಅಂದ,
ಡಿಕ್ಕಿ ಹೊಡೆದುಕೊಂಡಿವೆ.

ಕಡಲದಂಡೆಗೆ ಹೋದರೆ ಮುಂಡಗೋಡಿನ ಜಿಗ್ಮೆ
ಮೊಮೊ ಗಾಡಿಯ ಬೆಂಕಿ ಆರಿಸುತ್ತಿದ್ದ.
ಸುಂಗಟ, ಕಾಯಿತುರಿ, ಒಂದೆರಡು ತೆಪ್ಪಲಕಾಯಿ,
ಅವನ ಹೂರಣಕ್ಕೆ ಸಾಟಿಯಿಲ್ಲ.
ಖಾಲಿ ಅಕ್ಕಾ, ನೇವಿ ಹುಡುಗರು ಬಳಿದುಕೊಂಡು ಹೋದರು,
ಕೋಬೀಜಿನದು ನಾಕಿವೆ, ಅಂದ.
ನಾಲ್ಕನ್ನು ಮೂವರು ತಿಂದೆವು.
ಹಸಿವು ಇನ್ನಷ್ಟು ಕೆರಳಿತು.

ಕೊನೆಗೆ ಕೋಡಿಬಾಗ.
ರುಕ್ಮಾ ತಾಂಡೇಲಳ ಖಾನಾವಳಿಗೆ ಬೋರ್ಡಿಲ್ಲ,
ಒಂದು ಬೆಂಚು, ಒಡೆದ ಶೀಟಿನಿಂದ ಕಾಳಿಯ ಗಾಳಿ.
ಹೊತ್ತಾಯ್ತು, ಅಂದಳು.
ಉಳಿದದ್ದು ಗಂಜಿ, ಬೆಳಗಿನ ಪಾವು, ಖಾರೆಂ.

ಒಣಮೀನು ಕೆಂಡಕ್ಕೆ ಬಿದ್ದದ್ದೇ
ಗೋರ್ಕಾ ಎದ್ದು ನಿಂತ.
ಮೂಗು ಮುಚ್ಚುತ್ತಾನೆ ಅಂದುಕೊಂಡೆ.
ಮುಚ್ಚಲಿಲ್ಲ, ಒಲೆಯ ತನಕ ಹೋದ.
ಅವನ ಅಜ್ಜಿ ಉಪ್ಪುಮೀನನ್ನು ರಾತ್ರಿಯಿಡೀ ನೆನೆಹಾಕಿ
ಮೂರು ನೀರು ಬದಲಿಸುತ್ತಿದ್ದಳಂತೆ.
ರುಕ್ಮಾ ಕೇಳಿದಳು: ಹಿಂಡ್ತಿದ್ಲಾ?
ಅವನಿಗೆ ತಿಳಿಯಲಿಲ್ಲ.
ಅವಳು ಮುಷ್ಟಿ ಬಿಗಿದು ತಿರುವಿ ತೋರಿಸಿದಳು.
ಅವನೂ ಮುಷ್ಟಿ ಬಿಗಿದ, ತಿರುವಿದ.
ಹಾಂ, ಅಂದಳು,
ಅಜ್ಜಿ ಬಲ್ಲವಳು.

ನಮ್ಮ ಮನೆಯಲ್ಲಿ ಎರಡು ಒಲೆ ಇದ್ದವು.
ಸಿರಸಿ ಕಡೆಯಿಂದ ಯಾರಿಗೂ ಹೇಳದೆ
ಕೊನೇ ಬಸ್ಸಿಗೆ ಘಟ್ಟ ಇಳಿದವಳದು ಒಂದು,
ಹರಿಕಂತ್ರರ ಅಪ್ಪನದು ಒಂದು,
ನಡುವೆ ನಿಲ್ಲಿಸಿದ ಚಿರೇಕಲ್ಲು.
ಅವಳ ಮಾತಿನಲ್ಲೂ ಇವನ ಮಾತಿನಲ್ಲೂ
ತಾಯಿಗೆ ಆಯಿ ಎಂದೇ ಅನ್ನುವುದರಿಂದ
ಕರೆಯಲು ನನಗೆ ತೊಂದರೆಯಾಗಲಿಲ್ಲ.
ನನ್ನನ್ನು ಏನೆಂದು ಕರೆಯಬೇಕೆಂದು
ಶಾಲೆಯ ಮಕ್ಕಳಿಗೆ ಮೊದಲೇ ಗೊತ್ತಿತ್ತು.

ಒಂದು ಮಳೆಗಾಲ ಅಪ್ಪನಿಗೆ ಜ್ವರ,
ಹದಿನೈದು ದಿನ ಬಾಯಿಗೆ ರುಚಿಯಿಲ್ಲ.
ಆಯಿ ಸೆರಗಿನಿಂದ ಮೂಗು ಕಟ್ಟಿಕೊಂಡು
ಒಣಸೀಗಡಿ ಹುರಿದಳು.
ಆಮೇಲೆ ಕಲ್ಲಿನ ಈಚೆ ಬಂದು
ಅಪ್ಪೆಮಿಡಿ ಜಜ್ಜಿ, ನೀರು ಹಾಕಿ,
ಇಂಗಿನ ಒಗ್ಗರಣೆ ಕೊಟ್ಟು,
ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.
ಆಮೇಲೆ ಸುರಿದೇಬಿಟ್ಟಳು, ಇದರೊಳಗೆ ಅದನ್ನು.

ಉಪ್ಪು ನೋಡಬೇಕಿತ್ತು. ಅವಳು ನೋಡುವ ಹಾಗಿಲ್ಲ.
ಸೌಟಿನಿಂದ ನನ್ನ ಅಂಗೈಗೆ ಒಂದು ಹನಿ ಬಿಟ್ಟು
ನನ್ನ ಮುಖವನ್ನೇ ನೋಡುತ್ತ ಕುಳಿತಳು.

ಗೋರ್ಕಾ ಪಾವು ಮುರಿದು ಗಂಜಿಗೆ ಅದ್ದುತ್ತಿದ್ದಾನೆ,
ಯಾರೂ ಹೇಳಿಕೊಡದೆ.
ಹೋಟೆಲಿನ ಹೆಸರು ಬೇಕಂತೆ ಅವನಿಗೆ, ಪುಸ್ತಕದಲ್ಲಿ ಬರೆಯಲು.
ಹೆಸರೆಂಥದು, ನಾಳೆ ಮೀನು ಬಂದರೆ ಒಲೆ, ಇಲ್ಲದಿದ್ದರೆ ಇಲ್ಲ.
ಹೊರಗೆ ಇಜಾಜ ಹಾರ್ನು ಹೊಡೆಯುತ್ತಿದ್ದಾನೆ.

ಉಪ್ಪು ಸರಿಯುಂಟಾ ಬಾಯೀ?
ರುಕ್ಮಾ ಸೌಟು ಹಿಡಿದು ಬಂದಳು.
ತಟ್ಟೆ ಎದುರಿಗೇ ಇತ್ತು.
ನಾನು ಅಂಗೈ ಚಾಚಿದೆ.